ಹತ್ತೊಂಬತ್ತನೆಯ ಪ್ರಶ್ನೆ

ಮೂವತ್ತನಾಲ್ಕು ಪ್ರಶ್ನೆಗಳಲ್ಲಿ ಹದಿನೆಂಟು ಮುಗಿಯುವ ಹೊತ್ತಿಗೆ ಯೋಗಿತಾಳ ಚಹಾ ಆರಿತ್ತು. ಹತ್ತೊಂಬತ್ತನೆಯದನ್ನು ಓದಿದ ಮೇಲೆ ಅವಳು ಕಪ್ಪನ್ನು ಮುಟ್ಟಲೇ ಇಲ್ಲ.

‘ಲಾಗಿನ್ ಇಲ್ಲದವರೂ ತೆರೆಯಬಹುದಾದ ಕಡತ ನಿಮ್ಮ ಕ್ಲೌಡ್ ಖಾತೆಯಲ್ಲಿ ಇದೆಯೇ?’

ಮಹಾರಾಷ್ಟ್ರದ ಗಡಿಯಂಚಿನ ಉಮರ್ಗಾದ ತಾಯಿ-ಮಗು ದಾಖಲೆ ಕೇಂದ್ರದಲ್ಲಿ ಅವಳು ಕರಾರಿನ ಮೇಲೆ ಆಪರೇಟರ್. ಸುತ್ತಲಿನ ಊರುಗಳ ಬಸುರಿಯರ ಹೆಸರು, ರಕ್ತದ ಗುಂಪು, ಹೆರಿಗೆಯ ತಾರೀಖು ಎಲ್ಲವೂ ಈಗ ಸರಕಾರದ ಕ್ಲೌಡ್‌ನಲ್ಲಿ. ಅವನ್ನೆಲ್ಲ ಸುರಕ್ಷತಾ ನಿಯಮದಂತೆ ಇಟ್ಟಿದ್ದೇವೆ ಎಂದು ಸಂಜೆ ಐದರೊಳಗೆ ಸಹಿ ಮಾಡಿ ಜಿಲ್ಲೆಗೆ ಕಳಿಸಬೇಕು.

ಅಂಥ ಕಡತ ಇತ್ತು. ಎರಡು ವರ್ಷದ ಹಿಂದೆ ಅವಳೇ ತೆರೆದದ್ದು. ಇಲ್ಲಿಯ ಎಷ್ಟೋ ಸೊಸೆಯಂದಿರ ತವರು ಗಡಿಯಾಚೆ, ಕರ್ನಾಟಕದಲ್ಲಿ. ತಿಂಗಳು ತುಂಬುತ್ತಲೇ ಹೆರಿಗೆಗೆ ಅಲ್ಲಿಗೆ ಹೋಗಿಬಿಡುತ್ತಾರೆ. ಅಲ್ಲಿಯ ನರ್ಸಿಗೆ ಮಹಾರಾಷ್ಟ್ರದ ಲಾಗಿನ್ ಸಿಗುವುದಿಲ್ಲ. ರಕ್ತದ ಗುಂಪು ತಿಳಿಯದೆ ಒಬ್ಬಾಕೆಯನ್ನು ಕಲಬುರಗಿಗೆ ಓಡಿಸಬೇಕಾಯಿತೆಂದು ಅಲ್ಲಿಯ ನರ್ಸ್ ಚಂದ್ರಭಾಗಾ ಫೋನಿನಲ್ಲಿ ಗೋಳಾಡಿದ ದಿನವೇ ಯೋಗಿತಾ ಕಡತವನ್ನು ‘ಲಿಂಕ್ ಇದ್ದವರೆಲ್ಲರಿಗೂ’ ಎಂದು ತೆರೆದು ಕಳಿಸಿದ್ದಳು.

“ಫಾರಂ ಎಷ್ಟಕ್ಕ ಬಂತ್ರಿ?” ಕೇಂದ್ರದ ಮುಖ್ಯಸ್ಥ ವೈಜನಾಥ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿದರು.

“ಹತ್ತೊಂಬತ್ತಕ್ಕ ಸರ್.”

“ಎಲ್ಲಾದಕ್ಕೂ ನಾಹೀ ಅಂತ ಬರದು ಬಿಡ್ರಿ. ಹೌದಂದ್ರ ಮತ್ತ ಹತ್ತು ಕಾಗದ ಬರ್ತಾವ. ಮಾರ್ಚ್‌ದಾಗ ನಿಮ್ಮ ಕರಾರ ಬ್ಯಾರೆ ಮುಗೀತದ.”

ಅವರು ಬೆದರಿಸಲು ಹೇಳಿದ್ದಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಅವರು ಹೋದ ಮೇಲೆ ಕಡತ ತೆರೆದು ಕೊನೆಯ ಕಾಲಂಗೆ ಸರಿದಳು. ಅರವತ್ತೆರಡನೆಯ ಸಾಲು, ದಾಳಿಂಬ ಊರಿನ ಸಪನಾ. ‘ಮೂರ್ಛೆ ರೋಗ. ದಿನಕ್ಕೆರಡು ಗುಳಿಗೆ, ತಪ್ಪಬಾರದು. ಅತ್ತೆಗೆ ಹೇಳಿಲ್ಲ.’ ಸಪನಾ ಇದೇ ಕುರ್ಚಿಯ ಪಕ್ಕ ಕೂತು, ಸೆರಗಿನ ತುದಿ ಸುತ್ತುತ್ತ ಹೇಳಿದ ಮಾತು. ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಬಾಯಿ ತಪ್ಪಿಯೂ ಆಡದಿರಲಿ ಎಂದು ಯೋಗಿತಾಳೇ ಆ ಕೊನೆಯ ವಾಕ್ಯ ಸೇರಿಸಿದ್ದಳು. ಮೂರು ದಿನದ ಹಿಂದೆ ಸಪನಾ ತವರಿಗೆ ಹೋಗಿದ್ದಳು.

ಯೋಗಿತಾ ಚಂದ್ರಭಾಗಾರಿಗೆ ಫೋನ್ ಹಚ್ಚಿದಳು.

“ಅಕ್ಕಾರ, ಆ ಲಿಂಕ್ ಮತ್ತ ಯಾರಿಗರೆ ಕೊಟ್ಟೀರೇನ್ರಿ?”

“ನಮ್ಮ ಆಶಾಗಳ ಗ್ರೂಪಿನಾಗ ಹಾಕೀನವ್ವ,” ಎಂದರು ಚಂದ್ರಭಾಗಾ. “ಮನಿಮನಿಗಿ ಅಡ್ಡಾಡೋರು ಅವರೇ ಅಲ್ಲೇನು?”

“ಎಷ್ಟ ಮಂದಿ ಅದಾರ್ರಿ?”

“ನೂರಾ ಹನ್ನೆರಡು. ಯಾಕ, ನಿಮ್ಮ ಸರಕಾರ ತಿಕೀಟ ಹಚ್ಚೂದದೇನು?”

ಯೋಗಿತಾ ನಗಲಿಲ್ಲ. “ರಂಭಾಬಾಯಿನೂ ಅದಾಳೇನ್ರಿ ಅದರಾಗ?”

“ಅದಾಳಲ್ಲ. ಎಲ್ಲಾರಕಿಂತ ಮೊದಲ ಓದಾಕಿ ಆಕಿನೇ.”

ಗಡಿಯಾಚೆಯ ಊರಿಗೆ ಮದುವೆಯಾಗಿ ಹೋಗಿ ಅಲ್ಲೇ ಆಶಾ ಆಗಿರುವ ರಂಭಾಬಾಯಿ ಸಪನಾಳ ಅತ್ತೆಯ ಸ್ವಂತ ಅಕ್ಕ.

ಲಿಂಕ್ ಮುಚ್ಚಬೇಕು, ಮುಚ್ಚಿದರೆ ಚಂದ್ರಭಾಗಾರ ಕೈಗೆ ಏನೂ ಉಳಿಯುವುದಿಲ್ಲ. “ಅಕ್ಕಾರ, ಪೆನ್ನು ತಗೋರಿ. ನಿಮ್ಮ ಕಡಿ ಬಂದ ಏಳೂ ಮಂದಿದು ಹೇಳ್ತೀನಿ, ಬರ್ಕೋರಿ. ಫೋಟೋ ಮಾತ್ರ ಹೊಡೀಬ್ಯಾಡ್ರಿ.” ಒಂದೊಂದೇ ಸಾಲು ಓದಿ ಹೇಳಿದಳು. ಸಪನಾಳದ್ದನ್ನು ಎರಡು ಸಲ ಹೇಳಿದಳು. ಆಮೇಲೆ ಲಿಂಕ್ ಮುಚ್ಚಿದಳು. ಕಡತವೇನೋ ಮುಚ್ಚಿತು, ಓದಿದವರು ಓದಿಯಾಗಿತ್ತು.

ನಾಲ್ಕು ಗಂಟೆಗೆ ಅನುಸೂಯಾಬಾಯಿ ಬಂದರು, ಸಪನಾಳ ಅತ್ತೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ವೈರಿನ ಚೀಲ. ಚೀಲದಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ಶಾವಿಗಿ ಡಬ್ಬಿದಾಗ ಸಿಕ್ಕಾವ. ಎದರ ಗುಳಿಗಿ ಇವು?”

ಯೋಗಿತಾ ಪಟ್ಟಿಗಳನ್ನೇ ನೋಡಿದಳು. ಸಪನಾ ಮರೆತು ಹೋಗಿದ್ದಳು. ಹಾಗಾದರೆ ಮೂರು ದಿನದಿಂದ ತಗೊಂಡಿಲ್ಲ.

“ಅದನ್ನ ನಾ ಹೇಳೋ ಹಾಂಗಿಲ್ಲ ಬಾಯಿ. ಸಪನಾನೇ ಹೇಳಬೇಕು.”

“ಅತ್ತಿಗಿ ಹೇಳಿಲ್ಲಂತ ಬರದದ ಅಂತ ನಮ್ಮಕ್ಕ ಫೋನ್ ಮಾಡಿದ್ಲು, ಏನಂತ ಬಾಯಿ ಬಿಡಲಿಲ್ಲ. ಗ್ರೂಪಿನಾಗ ಊರ ಮಂದೆಲ್ಲ ಓದ್ಯಾರ. ನೀ ಒಬ್ಬಾಕಿ ಹೇಳೋ ಹಾಂಗಿಲ್ಲೇನು?”

ಯೋಗಿತಾ ಎದ್ದು ಕುರ್ಚಿಯನ್ನು ಅವರ ಕಡೆ ಸರಿಸಿದಳು.

“ತಪ್ಪು ನಂದು ಬಾಯಿ,” ಎಂದಳು. “ಆಕಿದಲ್ಲ.”

“ಯಾರದಂತ ಆಮ್ಯಾಲ ನೋಡೋಣ. ವರ್ಷಗಟ್ಲೆ ನನ್ನ ಕೈಯಾನ ಉಂಡು ನನಗ ಮುಚ್ಚಿಟ್ಟಾಳ. ಆ ಜಗಳ ನಾ ಬಿಡಾಕಿ ಅಲ್ಲ.” ಅನುಸೂಯಾಬಾಯಿ ಪಟ್ಟಿಗಳನ್ನು ಒಟ್ಟುಮಾಡಿದರು. “ನಮ್ಮ ಹುಡುಗ ವೈಭವ ಗಾಡಿ ತಗೊಂಡು ಹೊರಗ ನಿಂತಾನ, ಹೆಂಡತಿಗಿ ಮುಟ್ಟಿಸಿ ಬರ್ತಾನ. ಏನಾಗ್ಯದ ಅಂತ ನಾ ಕೇಳಲ್ಲ. ಇಷ್ಟು ಹೇಳು, ಜಲ್ದಿ ಹೋಗಬೇಕೋ, ನಾಳಿಗಿ ನಡೀತದೋ?”

“ಈಗೇ ಹೋಗ್ಲಿ ಬಾಯಿ. ಮೊದಲ ನರ್ಸ್ ಕಡಿ ಹೋಗ್ಲಿ. ನಾ ಫೋನ್ ಮಾಡ್ತೀನಿ.”

ಮೋಟಾರ್‌ಸೈಕಲ್ ಹೊರಟಿತು. ಯೋಗಿತಾ ಫೋನ್ ಮಾಡಿದಾಗ, ಅವಳು ಎರಡು ಸಲ ಹೇಳಿದ್ದನ್ನು ಬರೆದುಕೊಂಡಿದ್ದ ಚಂದ್ರಭಾಗಾ ಆಗಲೇ ಸಪನಾಳ ತವರಿನ ದಾರಿ ಹಿಡಿದಿದ್ದರು. ಡಾಕ್ಟರಿಗೂ ತಿಳಿಸಿದ್ದೇನೆ, ವೈಭವ ನೇರ ಅಲ್ಲಿಗೇ ಬರಲಿ ಎಂದರು.

ಉಳಿದ ಪ್ರಶ್ನೆಗಳನ್ನೆಲ್ಲ ಮುಗಿಸುವಾಗ ಐದಕ್ಕೆ ಹತ್ತು ನಿಮಿಷ ಇತ್ತು. ಹತ್ತೊಂಬತ್ತನೆಯ ಪ್ರಶ್ನೆಯ ಎದುರು ಯೋಗಿತಾ ‘ಹೌದು, ಇತ್ತು’ ಎಂದು ಬರೆದಳು. ತೆರೆದ ತಾರೀಖು, ಮುಚ್ಚಿದ ಹೊತ್ತು, ತೆರೆದವಳ ಹೆಸರು. ಗಡಿಯಾಚೆಯ ನರ್ಸಿಗೆ ಲಾಗಿನ್ ಕೊಡದಿದ್ದರೆ ನಾಳೆ ಇನ್ನೊಬ್ಬರು ಇದನ್ನೇ ಮಾಡುತ್ತಾರೆ ಎಂದೂ ಸೇರಿಸಿದಳು.

ಕೆಳಗೆ ಇನ್ನೊಂದು ಖಾನೆ ತೆರೆದುಕೊಂಡಿತು. ‘ಇದರಿಂದ ಯಾರಿಗಾದರೂ ತೊಂದರೆಯಾಗಿದೆಯೇ?’

‘ಆಗಿದೆ,’ ಎಂದು ಬರೆದಳು.

‘ಆದವರ ಹೆಸರು, ವಿವರ’ ಎಂದು ಕೇಳಿದ ಖಾನೆಯನ್ನು ಖಾಲಿ ಬಿಟ್ಟು ಕಳಿಸಿದಳು.