ಬೆಕ್ಕಿಗೆ ಹೇಳಿದ ಮಾತು

"ಕೊನೆಗೆ ಯಾವಾಗ ಸರಿ ಇದ್ರು?"

ಮಿದುಳಿನ ವೈದ್ಯೆ ಈ ಪ್ರಶ್ನೆ ಕೇಳಿದಷ್ಟು ಬಾರಿ ತನ್ನ ಹೆಸರನ್ನೂ ಹೇಳಿರಲಾರಳು. ಕಾಯಿಲೆ ಯಾವಾಗ ಶುರುವಾಯಿತು ಎಂದು ಅವಳು ಕೇಳುವುದಿಲ್ಲ. ಅದನ್ನು ಕಂಡವರು ಕಡಿಮೆ. ಸರಿ ಇದ್ದದ್ದನ್ನು ಯಾರಾದರೂ ನೋಡಿರುತ್ತಾರೆ, ಅಲ್ಲಿಂದಲೇ ಲೆಕ್ಕ. ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು. ಅದರೊಳಗೆ ಕೊಟ್ಟರೆ ಬಿದ್ದ ಕೈ ಎದ್ದೀತು, ಹೋದ ಮಾತು ಬಂದೀತು. ದಾಟಿದ ಮೇಲೆ ಕೊಟ್ಟರೆ ಅದೇ ಮದ್ದು ತಲೆಯೊಳಗೆ ರಕ್ತ ಹರಿಸೀತು.

ಮಂಚದ ಮೇಲಿದ್ದವರು ಡ್ರೈವಿಂಗ್ ಶಾಲೆಯ ಮೇಷ್ಟರು. ಊರಿನ ಅರ್ಧ ಜನಕ್ಕೆ "ಬ್ರೇಕ್! ಬ್ರೇಕ್!" ಎಂದು ಕೂಗಿ ಕಲಿಸಿದ ಗಂಟಲು ಈಗ "ಅ... ಅ..." ಎನ್ನುತ್ತಿತ್ತು. ಬಲಗೈ ಒದ್ದೆ ಟವೆಲಿನಂತೆ ಮಂಚದಂಚಿಗೆ ಜೋತುಬಿದ್ದಿತ್ತು.

"ಹನ್ನೊಂದು ಗಂಟೆಗೆ ಚೆನ್ನಾಗೇ ಮಾತಾಡಿದ್ರು ಡಾಕ್ಟ್ರೇ," ಎಂದಳು ಹೆಂಡತಿ.

ಗೋಡೆಯ ಗಡಿಯಾರದಲ್ಲಿ ಒಂದು. ಹಾಗಾದರೆ ಬೇಕಾದಷ್ಟು ಸಮಯವಿದೆ. ಮುಖ್ಯ ನರ್ಸ್, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವಳು, ಮದ್ದಿನ ಪೆಟ್ಟಿಗೆಗೆ ಕೈ ಹಾಕಿದ್ದಳು.

"ಏನಂದ್ರು?" ವೈದ್ಯೆ ಕೇಳಿದಳು.

"ಏನೋ... ಮಾಮೂಲಿ."

"ಅವರ ಮಾತನ್ನ ಹಾಗೇ ಹೇಳಿ."

ಇದು ಅವಳ ಪದ್ಧತಿ. 'ಮಾತಾಡಿದ್ರು' ಎಂಬುದನ್ನು ಅವಳು ನಂಬುವುದಿಲ್ಲ. ಆಡಿದ ವಾಕ್ಯವೇ ಬೇಕು. ವೃತ್ತಿಯುದ್ದಕ್ಕೂ ಅವಳು ಇಂಥ ವಾಕ್ಯಗಳನ್ನೇ ಕೇಳುತ್ತ ಬಂದಿದ್ದಾಳೆ: ಫ್ಯಾನ್ ಹಾಕು. ಉಪ್ಪು ಕಮ್ಮಿ. ಆ ಚಪ್ಪಲಿ ಯಾರದ್ದು. ಮಾತು ಹೋಗುವ ಮುನ್ನ ಯಾರೂ ಘನವಾದದ್ದೇನನ್ನೂ ಹೇಳಿರುವುದಿಲ್ಲ. "ಕಣ್ಣಿನ ಡಾಕ್ಟ್ರಾಗಿದ್ರೆ ನೀನು ಮಧ್ಯಾಹ್ನ ಊಟಕ್ಕಾದ್ರೂ ಮನೆಗೆ ಬರ್ತಿದ್ದೆ," ಎಂದು ಅವಳ ಅಮ್ಮ ಈಗಲೂ ಗೊಣಗುತ್ತಾಳೆ. ಬರಬಹುದಿತ್ತು. ಆದರೆ ಮನುಷ್ಯರು ಸದಾ ಇಂಥ ಸಣ್ಣ ಮಾತುಗಳಲ್ಲೇ ಬದುಕುತ್ತಾರೆ ಎಂಬುದು ಕಣ್ಣಿನ ಡಾಕ್ಟರಿಗೆ ತಿಳಿಯುತ್ತಿತ್ತೋ ಇಲ್ಲವೋ.

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು.

"ನೋಡಿಮ್ಮಾ," ವೈದ್ಯೆ ದನಿ ತಗ್ಗಿಸಿದಳು, "ಹೊತ್ತು ತಪ್ಪಿದ್ರೆ ಈ ಮದ್ದೇ ಅವರನ್ನ ಕೊಲ್ಲಬಹುದು."

"ಮಾತಾಡಿಲ್ಲ," ಎಂದಳು ಹೆಂಡತಿ ಥಟ್ಟನೆ. "ನಾಲ್ಕು ದಿನದಿಂದ ನಾವಿಬ್ರೂ ಮಾತು ಬಿಟ್ಟಿದ್ದೀವಿ. ಅವರ ಹಳೇ ಕುರ್ಚಿನ ಗುಜರಿಗೆ ಹಾಕಿದೆ. ಮೂರು ಕಾಲಿನ ಕುರ್ಚಿ, ಡಾಕ್ಟ್ರೇ! ಅವತ್ತಿಂದ ಹಠಕ್ಕೆ ನೆಲದ ಮೇಲೆ ಗೋಡೆಗೊರಗಿ ಕೂರ್ತಾರೆ. ಇವತ್ತೂ ಹಾಗೇ ಕೂತಿದ್ರು. ಕಾಫಿ ಇಟ್ಟೆ, ತಗೊಳ್ಳಲಿಲ್ಲ. ಕೋಪ ಅಂದ್ಕೊಂಡೆ. ಆಮೇಲೆ ಎತ್ಕೊಳ್ಳೋಕೆ ಹೋಗಿ ಲೋಟ ಕೈಯಿಂದ ಜಾರಿದಾಗಲೇ ಗೊತ್ತಾಗಿದ್ದು. ಮನೆ ಜಗಳ ಊರಿಗೆಲ್ಲ ಯಾಕೆ ಅಂತ..."

ದೊಡ್ಡಕ್ಕ ಪೆಟ್ಟಿಗೆಯಿಂದ ಕೈ ತೆಗೆದಳು.

ಮೊದಲ ಸ್ಕ್ಯಾನಿನಲ್ಲಿ ರಕ್ತಸ್ರಾವವಿರಲಿಲ್ಲ. ಆದರೆ ಹೆಪ್ಪಿನ ವಯಸ್ಸನ್ನು ಅದು ಹೇಳದು. ಹೇಳಬಲ್ಲ ದೊಡ್ಡ ಯಂತ್ರ ರಿಪೇರಿಯಲ್ಲಿತ್ತು. ಆ ಮೌನ ಯಾವಾಗ ಕೋಪದ್ದು, ಯಾವಾಗ ಕಾಯಿಲೆಯದ್ದು? ಮುನಿಸು ಎಲ್ಲಿ ಮುಗಿದು ಲಕ್ವ ಎಲ್ಲಿ ಶುರುವಾಯಿತು? ಎರಡೂ ನೋಡುವುದಕ್ಕೆ ಒಂದೇ: ಗೋಡೆಗೊರಗಿ ಕೂತ ಗಂಡ.

"ನಿಮ್ಮ ಜೊತೆ ಬೇಡ, ಬೇರೆ ಯಾರ ಜೊತೆಗಾದ್ರೂ ಮಾತಾಡಿದ್ರಾ? ಪಕ್ಕದ ಮನೆಯವರು? ಫೋನಲ್ಲಿ?"

"ಇಲ್ಲ. ಬೆಕ್ಕಿನ ಜೊತೆ ಅಷ್ಟೇ."

"ಬೆಕ್ಕು?"

"ನನಗೆ ಏನಾದ್ರೂ ಹೇಳೋದಿದ್ರೆ ಬೆಕ್ಕಿಗೆ ಹೇಳ್ತಾರೆ. 'ಬೆಕ್ಕಮ್ಮಾ, ಈ ಮನೇಲಿ ಸೋಪು ಮುಗಿದಿದೆ' ಅಂತ. ನಾನೂ ಅದಕ್ಕೇ ಉತ್ತರ ಕೊಡ್ತೀನಿ. ಪಾಪ, ಅದು ಬಾಗಿಲ ಹತ್ರ ಹೋಗಿ ಮಲಗಿಬಿಟ್ಟಿದೆ."

ದೊಡ್ಡಕ್ಕ ನಗು ತಡೆಯಲು ಮಾಸ್ಕ್ ಸರಿಪಡಿಸಿಕೊಂಡಳು. ವೈದ್ಯೆ ನಗಲಿಲ್ಲ. "ಇವತ್ತು ಏನಂದ್ರು ಬೆಕ್ಕಿಗೆ?"

ಹೆಂಡತಿಯ ಮುಖ ಕೆಂಪಾಯಿತು. "ತಂಗಿ ಜೊತೆ ಫೋನಲ್ಲಿದ್ದೆ. 'ಬೆಕ್ಕಮ್ಮಾ, ಹರಟೆ ಹೊಡೆಯೋರಿಗೆ ಹಾಲು ಉಕ್ಕೋದು ಕಾಣ್ಸಲ್ವಂತೆ, ಗಡಿಯಾರ ಅಂತೂ ಅವರ ತವರುಮನೇಲೇ ಇರಲಿಲ್ವಂತೆ, ನೀನಾದ್ರೂ ಹೋಗಿ ಒಲೆ ಆರ್ಸು' ಅಂದ್ರು. ಬೆಕ್ಕು ಎಲ್ಲಿ ಆರ್ಸುತ್ತೆ? ತಾವೇ ಎದ್ದು ಬಂದು ಆರ್ಸಿದ್ರು."

"ಯಾವ ಕೈಯಲ್ಲಿ?"

ಅವಳು ಗಾಳಿಯಲ್ಲೇ ಗ್ಯಾಸ್ ಒಲೆಯ ನಾಬ್ ತಿರುಗಿಸಿ ನೋಡಿಕೊಂಡಳು. "ಎಡಗೈಲಿ ಬಟ್ಟೆ ಹಿಡ್ಕೊಂಡು ಪಾತ್ರೆ ಎತ್ತಿದ್ರು... ಬಲಗೈಲಿ ಆರ್ಸಿದ್ರು. ಹೌದು, ಬಲಗೈಲೇ."

"ತಂಗಿಗೆ ಫೋನ್ ಹಚ್ಚಿ. ಸ್ಪೀಕರ್ ಹಾಕಿ."

ಆ ಕಡೆಯವಳು ನಡೆದದ್ದನ್ನು ಕೇಳಿ ಮೊದಲು ಅತ್ತಳು, ಆಮೇಲೆ ಗಂಟಲು ಸರಿಮಾಡಿಕೊಂಡಳು. "ಕೇಳಿಸ್ತು ಡಾಕ್ಟ್ರೇ. ಭಾವ ತವರುಮನೆ ಗಡಿಯಾರ ಅಂದಾಗ ನನಗೇ ಸಿಟ್ಟು ಬಂತು. ತವರು ಅಂದ್ರೆ ನಾನೂ ಸೇರಿದೆ ತಾನೇ? ಹತ್ತು ಗಂಟೆ, ನಾನು ಆಗಷ್ಟೇ ಅಂಗಡಿ ತೆರೆದಿದ್ದೆ."

"ಮಾತು ತೊದಲ್ತಿತ್ತಾ?"

"ತೊದಲೋದಾ? ಮೊಳೆ ಹೊಡೆದ ಹಾಗಿತ್ತು."

ವೈದ್ಯೆ ಗೋಡೆಯ ಗಡಿಯಾರ ನೋಡಿದಳು. ಇಷ್ಟು ಉದ್ದದ, ಇಷ್ಟು ನೆಟ್ಟಗೆ ನಾಟುವ ಕುಹಕಕ್ಕೆ ಇಡೀ ಮಿದುಳು ಬೇಕು. ಬಲಗೈ ಕೆಲಸ ಮಾಡಿತ್ತು. ಹತ್ತು ಗಂಟೆಗೆ ಮನುಷ್ಯ ಪೂರ್ತಿ ಸರಿ ಇದ್ದ. ಸಮಯ ಇನ್ನೂ ಇದೆ.

"ಕೊಡಿ ದೊಡ್ಡಕ್ಕ."

ಮದ್ದು ರಕ್ತನಾಳದೊಳಗೆ ಇಳಿಯಿತು. ಆಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ; ಇದು ಈ ಕೆಲಸದ ಅತಿ ಕೆಟ್ಟ ಭಾಗ. ರಕ್ತದೊತ್ತಡ ನೋಡುವುದು, ಕೈ ಎತ್ತಿಸುವುದು, ಮತ್ತೆ ನೋಡುವುದು. ಸಂಜೆಯ ಹೊತ್ತಿಗೆ ಬಲಗೈ ಹಾಸಿಗೆಯಿಂದ ಗೇಣುದ್ದ ಮೇಲೆದ್ದು ತೂಗಾಡಿತು. ಹೆಂಡತಿ ಅದನ್ನು ಹಿಡಿಯಲು ಹೋದಳು. ದೊಡ್ಡಕ್ಕ ತಡೆದಳು: "ಬಿಡಿ, ತಾನಾಗೇ ನಿಲ್ಲಲಿ."

ಮಾತು ಮಾತ್ರ ಬರಲಿಲ್ಲ.

ಮರುದಿನದ ಸ್ಕ್ಯಾನನ್ನು ವೈದ್ಯೆ ಬೆಳಕಿನ ಪರದೆಯ ಮುಂದೆ ನಿಂತೇ ನೋಡಿದಳು. ರಕ್ತವಿಲ್ಲ. ಎಡಭಾಗದಲ್ಲಿ ಹುಣಸೆಬೀಜದಷ್ಟು ಕಲೆ, ಅಷ್ಟೇ.

ವಾರ್ಡಿಗೆ ಬಂದು ಮೇಷ್ಟರ ಮುಂದೆ ಪೆನ್ನು ಹಿಡಿದಳು. "ಇದೇನು?"

ತುಟಿ ಅಲುಗಿತು. "ಪೆ... ಪೆನ್ನು."

ಹೆಂಡತಿ ಮಂಚದ ಕಂಬಿ ಹಿಡಿದುಕೊಂಡಳು.

ವೈದ್ಯೆ ಬೀಗದ ಕೈ ತೋರಿಸಿದಳು. ಮೇಷ್ಟರು ನೋಡಿದರು. ಹುಬ್ಬು ಗಂಟಿಕ್ಕಿದರು. "ಚ... ಚಮಚ."

"ಚಮಚ ಅಲ್ಲ ಕಣ್ರೀ, ಬೀಗದ ಕೈ!" ಹೆಂಡತಿ ತಡೆಯಲಾರದೆ ಕೂಗಿದಳು.

ಮೇಷ್ಟರು ನಿಧಾನವಾಗಿ ತಲೆ ತಿರುಗಿಸಿದರು. ಅವಳ ಮುಖವನ್ನೇ ದಿಟ್ಟಿಸಿದರು. ಒಂದೊಂದೇ ಪದವನ್ನು ಹೆಕ್ಕಿದಂತೆ ಹೇಳಿದರು: "ನಿನ್ನ... ಕೇಳಿದ್ರಾ?"

"ನನಗೆ ಬೈದ್ರು!" ಅವಳು ದೊಡ್ಡಕ್ಕನ ತೋಳು ಹಿಡಿದು ಅಲುಗಿಸಿದಳು. ಕಣ್ಣಲ್ಲಿ ನೀರು ಧಾರೆಗಟ್ಟಿತ್ತು. "ಕೇಳಿಸ್ತಾ? ನನಗೇ ಬೈದಿದ್ದು, ನೇರ ನನಗೇ!"

"ಸದ್ದು!" ಎಂದಳು ದೊಡ್ಡಕ್ಕ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. "ಪರೀಕ್ಷೆ ನಡೀತಿದೆ."

ವೈದ್ಯೆ ಕೈಗಡಿಯಾರ ಬಿಚ್ಚಿ ಮೇಲೆತ್ತಿದಳು. ಹೆಂಡತಿ ಎರಡೂ ಅಂಗೈಯಿಂದ ತನ್ನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಗಂಡನಿಗೆ ಬೇಕಾದಷ್ಟು ಹೊತ್ತು ಕಾದಳು.