ತೇಲಿಹೋಗುವ ಕೋಶಗಳು

ಮುತ್ತಿನಕೊಪ್ಪದ ಮೇಘನ ಕೊಪ್ಪದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಪಾಠ ಮುಗಿದ ಮೇಲೆ ಅಲ್ಲಿನ ಪುಟ್ಟ ಪ್ರಯೋಗಾಲಯದಲ್ಲಿ ಸಂಶೋಧನೆ. ಅವಳ ಸೋದರತ್ತೆ ಬಸವಮ್ಮ ಯಕೃತ್ತು ಗಟ್ಟಿಯಾಗಿ ತೀರಿಕೊಂಡಿದ್ದಳು. ಕೋಶಗಳ ಸುತ್ತಲಿನ ನಾರಿನ ಹಾಸು ದಪ್ಪವಾಗಿ ಕೆಟ್ಟಿತ್ತು ಎಂದಿದ್ದರು ಡಾಕ್ಟರು. ಕೋಶ ಆ ಹಾಸನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ತಿಳಿಯದೆ ಬಿಡುವುದಿಲ್ಲವೆಂದು ಮೇಘನ ಹಟ ಹಿಡಿದಳು.

ಅದಕ್ಕೆ ಆಡಿನ ಯಕೃತ್ತು ಬೇಕಿತ್ತು. ಕಡಿದ ಕೂಡಲೇ ಕೊಡಲು ಒಪ್ಪಿದವನು ನರಸಿಂಹರಾಜಪುರದ ಮಟನ್ ಅಂಗಡಿಯ ಸುಬ್ಬಪ್ಪ. ಲಿಂಗ ಕಟ್ಟಿಕೊಂಡ ಮನೆಯ ಮಗಳು ಆ ಅಂಗಡಿಯ ಮುಂದೆ ನಿಲ್ಲುವುದು ಅಪ್ಪ ಶಿವಶಂಕರಪ್ಪನಿಗೆ ಸಹಿಸಲಾಗಲಿಲ್ಲ. ಬೈಯಲಿಲ್ಲ, ಮಾತು ಕಡಿಮೆ ಮಾಡಿದ. ಅವಳು ಐಸ್ ಡಬ್ಬಿ ಹಿಡಿದು ಬಸ್ಸಿನಲ್ಲಿ ಓಡಾಡುತ್ತಲೇ ಇದ್ದಳು.

ಆದರೆ ಯಕೃತ್ತಿನಿಂದ ಬಿಡಿಸಿದ ಕೋಶಗಳು, ಕೊಲಾಜನ್ ಎಂಬ ನಾರಿನ ಪ್ರೋಟೀನ್ ಬಳಿದ ತಟ್ಟೆಯಲ್ಲಿ ಅಂಟಿ ಕೂರಲಿಲ್ಲ. ಮರುದಿನ ನೋಡಿದರೆ ಎಲ್ಲ ದುಂಡಗೆ ತೇಲುತ್ತಿದ್ದವು. ಮತ್ತೆ ಮಾಡಿದಳು, ಮತ್ತೆ ಹಾಗೇ. ಜೊತೆಯ ಅಧ್ಯಾಪಕರು ಬೇರೆ ವಿಷಯ ಹಿಡಿಯಲು ಹೇಳಿದರು. ಅವಳು ಒಪ್ಪದೆ ಪ್ರತಿ ಹಂತವನ್ನೂ ಮತ್ತೆ ಕೆದಕಿ ನೋಡಿದಳು.

ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪನೇ ಕೇಳಿದ, ಎಲ್ಲಿ ತಪ್ಪುತ್ತಿದೆ ಎಂದು.

"ಕೋಶಕ್ಕೆ ಹಿಡ್ಕೊಳ್ಳೋಕೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಕಪ್ಪ. ಕೋಶ ಬಿಡಿಸೋಕೆ ಅಂತ ಹಾಕೋ ದ್ರವ ಅದನ್ನೆಲ್ಲ ಕಿತ್ಕೊಳ್ಳುತ್ತೆ. ನಾನು ಸರಿಯಾಗಿ ತೊಳೀದೆ ತಟ್ಟೆಗೆ ಹಾಕ್ತಿದ್ದೆ."

ಶಿವಶಂಕರಪ್ಪ ತಲೆಯಾಡಿಸಿ ಎದ್ದುಹೋದ.

ಮಾರನೆಯ ಬೆಳಿಗ್ಗೆ ಬಸ್ಸು ಬರಲಿಲ್ಲ. ಅವಳು ನಿಲ್ದಾಣದಲ್ಲಿ ಚಡಪಡಿಸುತ್ತಿದ್ದಾಗ ಅಪ್ಪನ ಬೈಕು ಪಕ್ಕದಲ್ಲಿ ನಿಂತಿತು.

"ಹತ್ತು ಮಾರಾಯ್ತಿ. ಅಂಗಡಿ ಒಳಗೆ ನಾನು ಬರಲ್ಲ. ಕೊಪ್ಪಕ್ಕೆ ಬಿಡ್ತೀನಿ."

ಅಂಗಡಿಯಿಂದ ದೂರದಲ್ಲಿ, ಬೆನ್ನು ತಿರುಗಿಸಿ ಕಾದ. ಅವಳು ಡಬ್ಬಿ ತಂದು ಕೂತ ಮೇಲೆ ದಾರಿಯುದ್ದಕ್ಕೂ ಎಲ್ಲೂ ನಿಲ್ಲಿಸಲಿಲ್ಲ.

ಆ ದಿನ ಮೇಘನ ಕೋಶಗಳನ್ನು ಕ್ಯಾಲ್ಸಿಯಂ, ಮೆಗ್ನೀಷಿಯಂ ಇದ್ದ ದ್ರವದಲ್ಲಿ ಮತ್ತೆ ಮತ್ತೆ ತೊಳೆದು ತಟ್ಟೆಗೆ ಹಾಕಿದಳು. ಮರುದಿನ ತಟ್ಟೆ ಅಲ್ಲಾಡಿಸಿದರೂ ಅವು ಕದಲಲಿಲ್ಲ. ಅಂಚು ಚಾಚಿ, ಒಂದಕ್ಕೊಂದು ತಾಗಿ ಚಪ್ಪಟೆಯಾಗಿ ಹರಡಿದ್ದವು. ಅಪ್ಪನಿಗೆ ಫೋನ್ ಮಾಡಿದಳು. ಅವನು ಬಂದು ಸೂಕ್ಷ್ಮದರ್ಶಕದಲ್ಲಿ ತುಂಬ ಹೊತ್ತು ನೋಡಿದ.

"ನಿಮ್ಮತ್ತೆದೂ ಹಿಂಗೇ ಇತ್ತಾ?"

"ಮೊದಲು ಇದ್ದಿರುತ್ತಪ್ಪ. ಹಾಸು ಗಟ್ಟಿಯಾದಾಗ ಇವು ಏನು ಮಾಡ್ತವೆ ಅಂತ ಇನ್ನು ನೋಡ್ಬೇಕು."

ಶಿವಶಂಕರಪ್ಪ ಕಣ್ಣೊರೆಸಿಕೊಂಡು, ಅಂಗಡಿಗೆ ಮತ್ತೆ ಯಾವತ್ತು ಹೋಗಬೇಕು ಎಂದು ಕೇಳಿದ. ಮೇಘನ ಸೋಮವಾರ ಎಂದಳು.