ಗಟ್ಟಿ ಗುಂಡಿಗೆಯವರ ಹೆಂಡತಿ

ನಮ್ಮವರು ಪತ್ರಿಕೆಯಲ್ಲಿ ದೆವ್ವದ ಸಿನಿಮಾಗಳ ವಿಮರ್ಶೆ ಬರೆಯುತ್ತಾರೆ. ಅಂಕಣದ ಹೆಸರು ‘ಗಟ್ಟಿ ಗುಂಡಿಗೆ’. ಪಕ್ಕದಲ್ಲಿ ಇವರದೊಂದು ಫೋಟೋ, ಕೈಕಟ್ಟಿಕೊಂಡು ಹುಬ್ಬು ಗಂಟಿಕ್ಕಿದ್ದು. ಬೀದಿಯಲ್ಲಿ ಸಿಕ್ಕವರೆಲ್ಲ ‘ಗುಂಡಿಗೆ ಸಾರ್’ ಎಂದೇ ಕರೆಯುತ್ತಾರೆ. ಆ ಗುಂಡಿಗೆ ಎಂಥದ್ದು ಅನ್ನುವುದು ನನಗೊಬ್ಬಳಿಗೇ ಗೊತ್ತು. ಗಾಳಿಗೆ ಕಿಟಕಿ ಪಟ್ ಅಂದರೆ ಸಾಕು, ಸೋಫಾದಿಂದ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಾರೆ.

ಇಪ್ಪತ್ತೆರಡು ವರ್ಷದಿಂದ ನಡೆದಿರುವುದು ಇಷ್ಟೇ. ಗುರುವಾರ ಬಂತೆಂದರೆ ಥಿಯೇಟರಿನಲ್ಲಿ ನಾನು ಎಡಕ್ಕೆ, ಇವರು ಬಲಕ್ಕೆ. ಸಂಗೀತ ಸ್ವಲ್ಪ ಸಣ್ಣಗಾದ ಕೂಡಲೇ ಇವರ ಕರವಸ್ತ್ರ ಮುಖಕ್ಕೆ ಬರುತ್ತದೆ. ನಾನು ಕಿವಿಯಲ್ಲಿ ಪಿಸುಗುಡಬೇಕು: ಬಾಗಿಲು ತೆಗೀತು, ಕೈ ಬಂತು, ಕತ್ತು ಹಿಡೀತು, ಬಿಡ್ತು, ಈಗ ನೋಡಿ. ನಾನು ಆಸ್ಪತ್ರೆಯಲ್ಲಿ ನರ್ಸು. ಪರದೆಯ ಮೇಲೆ ರಕ್ತ ಹರಿದರೆ ಹಾಸಿಗೆ ಬಟ್ಟೆ ಒಗೆಯುವವರ ಕಷ್ಟ ನೆನಪಾಗುತ್ತದೆಯೇ ಹೊರತು ನನಗೆ ಬೇರೇನೂ ಆಗುವುದಿಲ್ಲ. ಮನೆಗೆ ಬಂದು ಇವರು ಬರೆಯುವುದೋ, ನೆರಳು-ಬೆಳಕಿನಾಟ, ಮೌನದ ವ್ಯಾಕರಣ! ಬಿಡುಗಡೆಯಾದಾಗ ಯಾರೂ ಮೂಸಿಯೂ ನೋಡದಿದ್ದ, ಈಗ ಹುಡುಗರು ಸಂಭಾಷಣೆ ಬಾಯಿಪಾಠ ಒಪ್ಪಿಸುತ್ತಾ ನೋಡುವ ಹಳೆಯ ಚಿತ್ರವೊಂದಿದೆ. ಅದರ ಬಗ್ಗೆ ಇವರ ಲೇಖನ ಕಾಲೇಜಿನಲ್ಲಿ ಪಾಠವಾಗಿದೆ. ಆ ಚಿತ್ರವನ್ನು ನಾನು ಹನ್ನೊಂದು ಸಲ ನೋಡಿದ್ದೇನೆ. ಇವರು ಎಲ್ಲ ಸೇರಿಸಿದರೆ ಅರ್ಧ ನೋಡಿರಬಹುದು. ಬಿಟ್ಟುಬಿಡಿ ಅಂದರೆ, ‘ಓದೋರು ಏನಂದ್ಕೋತಾರೆ’ ಅನ್ನುತ್ತಾರೆ. ಸಾಕಾಗಿಹೋಗಿದೆ ನನಗೆ.

ಕಳೆದ ಗುರುವಾರ ಬೆಳಗ್ಗೆ ಪತ್ರಕರ್ತರಿಗೆಂದು ಒಂದು ಸಿನಿಮಾ ತೋರಿಸಿದರು. ದೊಡ್ಡ ಸಂಸ್ಥೆಯದ್ದಲ್ಲ, ಹೊಸ ಹುಡುಗಿಯೊಬ್ಬಳು ಸ್ನೇಹಿತರನ್ನು ಸೇರಿಸಿಕೊಂಡು ಮಾಡಿದ್ದು. ನಾನು ವಾರ್ಡಿನಲ್ಲಿ ಎರಡು ಪಾಳಿ ಮುಗಿಸಿ ನೇರವಾಗಿ ಬಂದಿದ್ದೆ. ಕೊನೆಯ ಅರ್ಧ ಗಂಟೆಯಲ್ಲಿ ಮಾತೂ ಇಲ್ಲ, ಸಂಗೀತವೂ ಇಲ್ಲ. ಕಣ್ಣು ಎಳೆಯಿತು. ಎಚ್ಚರವಾದಾಗ ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. ಇವರು ಇನ್ನೂ ಕರವಸ್ತ್ರದೊಳಗೇ ಇದ್ದರು. ನಾನು ಸುಮ್ಮನಾದದ್ದು ಕಂಡು, ನಾನೇ ಹೆದರಿ ಮಾತು ಕಳೆದುಕೊಂಡಿದ್ದೇನೆ ಅಂದುಕೊಂಡಿದ್ದರಂತೆ.

‘ಏನಾಯ್ತೇ ಕೊನೇಲಿ?’ ಎಂದು ಕೇಳಿದರು.

ನಿದ್ದೆ ಹೋದೆ ಅನ್ನಲು ನಾಚಿಕೆಯಾಯಿತು. ‘ಇನ್ನೇನು, ಅವಳೇ ದೆವ್ವ’ ಅಂದುಬಿಟ್ಟೆ. ಹತ್ತರಲ್ಲಿ ಒಂಬತ್ತು ಸಿನಿಮಾ ಹಾಗೇ ಮುಗಿಯುತ್ತವೆ.

ಶುಕ್ರವಾರ ವಿಮರ್ಶೆ ಅಚ್ಚಾಯಿತು. ‘ನಾಯಕಿಯೇ ದೆವ್ವ ಎಂಬ ಅದೇ ಹಳಸಲು ಕೊನೆ’ ಎಂದು ಬರೆದು, ಐದಕ್ಕೆ ಒಂದೂವರೆ ನಕ್ಷತ್ರ ಕೊಟ್ಟಿದ್ದರು.

ಶನಿವಾರ ಬೆಳಗ್ಗೆ ಆ ಹುಡುಗಿಯೇ ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದಳು. ‘ಸಾರ್, ನಾನು ಈ ಸಿನಿಮಾದ ಡೈರೆಕ್ಟರ್. ಜಗಳಕ್ಕೆ ಬಂದಿಲ್ಲ. ನನ್ನ ಸಿನಿಮಾದಲ್ಲಿ ದೆವ್ವಾನೇ ಇಲ್ವಲ್ಲ ಸಾರ್?’

ಇವರ ಮುಖ ಸುಣ್ಣದಂತಾಯಿತು. ‘ಅದು... ಸಾಂಕೇತಿಕವಾಗಿ ನೋಡಿದ್ರೆ...’ ಎಂದು ಶುರುಮಾಡಿದರು. ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

‘ಸುಮ್ನಿರ್ರೀ,’ ಅಂದೆ. ‘ನೋಡಮ್ಮ, ಇವರು ನೋಡೇ ಇಲ್ಲ. ಹೆದರಿಕೆ ಜಾಸ್ತಿ. ಇವರ ಬದಲು ನೋಡೋದು ನಾನು. ಅವತ್ತು ನಾನು ನಿದ್ದೆ ಹೋದೆ, ಬಾಯಿಗೆ ಬಂದಿದ್ದು ಹೇಳ್ದೆ.’

ಅವಳು ಬೈದಿದ್ದರೆ ಚೆನ್ನಾಗಿತ್ತು. ‘ನಾಲ್ಕು ವರ್ಷ ಆಂಟಿ,’ ಅಂದಳು ಅಷ್ಟೇ. ‘ಇರೋದೇ ಒಂದು ಥಿಯೇಟರು. ನಿನ್ನೆ ಹದಿನಾಲ್ಕು ಜನ ಬಂದಿದ್ರು. ಸೋಮವಾರ ತೆಗೀತಾರಂತೆ. ಎಲ್ರೂ ಸಾರ್ ಬರೆದಿದ್ದನ್ನೇ ತೋರಿಸ್ತಾರೆ.’ ಪತ್ರಿಕೆ ಮಡಚಿಕೊಂಡು ಮೆಟ್ಟಿಲಿಳಿದು ಹೋದಳು.

‘ಮಧ್ಯಾಹ್ನದ ಶೋಗೆ ಹೋಗೋಣ,’ ಅಂದರು ಇವರು. ‘ಈ ಸಲ ಸರಿಯಾಗಿ ನೋಡಿ ಹೇಳು.’

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ‘ಬರ್ತೀನಿ. ಪಕ್ಕದಲ್ಲಿ ಕೂತಿರ್ತೀನಿ. ಆದ್ರೆ ಬಾಯಿ ಬಿಡಲ್ಲ,’ ಎಂದು ಕರವಸ್ತ್ರ ಕಿತ್ತುಕೊಂಡು ನನ್ನ ಬ್ಯಾಗಿಗೆ ತುರುಕಿದೆ.

ಒಳಗೆ ನಮ್ಮನ್ನೂ ಸೇರಿಸಿ ಹನ್ನೊಂದು ಜನ. ಸಿನಿಮಾದಲ್ಲಿ ಒಂದು ಮನೆ, ಮಹಡಿಯ ಮೇಲೆ ಬೀಗ ಹಾಕಿದ ಕೋಣೆ. ಅದರ ಮುಂದೆ ಮನೆಮಂದಿಯೆಲ್ಲ ತಲೆ ತಗ್ಗಿಸಿಕೊಂಡೇ ಓಡಾಡುತ್ತಾರೆ. ಅಜ್ಜಿ ಸೊಸೆಯನ್ನು ಹೆದರಿಸಿದ್ದಾಳೆ, ಸೊಸೆ ಮಗಳನ್ನು. ಕೊನೆಯ ಅರ್ಧ ಗಂಟೆ ಆ ಮಗಳು ಕೀ ಹಿಡಿದು ಬಾಗಿಲ ಮುಂದೆ ನಿಲ್ಲುತ್ತಾಳೆ. ಇವರ ಉಗುರು ನನ್ನ ತೋಳಿಗೆ ಇಳಿಯಿತು.

‘ನೋಡ್ಲಾ?’ ಅಂದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ, ಮೈಯೆಲ್ಲ ನಡುಗುತ್ತಿದೆ, ಆದರೆ ಕಣ್ಣು ತೆರೆದೇ ಇದೆ.

ಬಾಗಿಲು ತೆರೆಯಿತು. ಒಳಗೆ ಏನೂ ಇರಲಿಲ್ಲ. ಖಾಲಿ ಕೋಣೆ, ಒಂದು ಕಿಟಕಿ, ನೆಲದ ಮೇಲೆ ಬಿಸಿಲು. ಆ ಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. ಅರವತ್ತು ವರ್ಷ ಹೆದರಿದ ಜಾಗವನ್ನು ಒಂದು ಸಲ ನೋಡಿ, ಅಲ್ಲೇ ಕುಸಿದು ಕೂತು ಅತ್ತಳು.

‘ಏನೂ ಇಲ್ವಲ್ಲೇ,’ ಎಂದು ಇವರೂ ಅತ್ತರು. ಬೆಳಗ್ಗೆಯಿಂದ ಕುದಿಯುತ್ತಿದ್ದ ನನಗೂ ಕಣ್ಣು ತುಂಬಿ ಬಂತು.

ಹೊರಗೆ ಟಿಕೆಟ್ ಕಿಟಕಿಯ ಬಳಿ ಹುಡುಗಿ ನಿಂತಿದ್ದಳು. ‘ಈ ಸಲ ನೋಡಿದ್ರಾ ಸಾರ್? ಭಯ ಆಯ್ತಾ?’

‘ತುಂಬಾ ಆಯ್ತಮ್ಮ,’ ಅಂದರು. ಅವಳ ಮುಖ ಮೊದಲ ಸಲ ಅರಳಿತು.

ಇವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬರೆದರು. ಶುಕ್ರವಾರದ ವಿಮರ್ಶೆ ತಾನು ನೋಡದ ಸಿನಿಮಾದ್ದು; ಇಷ್ಟು ವರ್ಷದ ವಿಮರ್ಶೆಗಳೂ ಬಹುಪಾಲು ಹಾಗೆಯೇ; ಇದೊಂದನ್ನು ತಾನೇ ನೋಡಿದ್ದು, ಸೋಮವಾರದೊಳಗೆ ನೀವೂ ನೋಡಿ. ಕಳಿಸಿದ ಐದೇ ನಿಮಿಷಕ್ಕೆ ಸಂಪಾದಕರ ಫೋನು. ಅವರ ಗಂಟಲು ನನಗೂ ಕೇಳುವಷ್ಟು ದೊಡ್ಡದು.

‘ಇದನ್ನ ನಾಳೆ ಹಾಕಿದ್ರೆ ನಿಮ್ಮ ಅಂಕಣ ಅಲ್ಲಿಗೆ ಮುಗೀತು. ಯೋಚನೆ ಮಾಡಿದೀರಾ?’

ಇವರು ಹಳೆಯ ಅಭ್ಯಾಸದಂತೆ ನನ್ನ ಕಡೆ ತಿರುಗಿದರು, ಮುಂದೇನಾಗುತ್ತದೆ ಹೇಳು ಎಂಬಂತೆ. ನನಗೂ ಸಂಕಟವಾಯಿತು. ಬೈದುಕೊಂಡೇ ಹೋಗುತ್ತಿದ್ದೆ ನಿಜ, ಆದರೆ ಆ ಗುರುವಾರಗಳು ನನಗೆ ಇಷ್ಟವಾಗಿದ್ದವು. ಆದರೂ ನಾನು ಏನೂ ಹೇಳಲಿಲ್ಲ.

‘ಹಾಕಿ ಸಾರ್,’ ಅಂದರು ಇವರು. ‘ಆದ್ರೆ ಕೆಳಗಡೆ ಗಂಡ-ಹೆಂಡತಿ ಇಬ್ಬರ ಹೆಸರೂ ಇರಲಿ. ಅವಳದು ಮೊದಲು.’